ಸಮುದ್ರದ ಸರ ಮತ್ತು ತೇಲಿದ ತತ್ತಿ

ಕೆಲವರ ಬೆನ್ನಿಗೆ ಶನಿ ಹತ್ತತಾನ, ನನ್ನ ಬೆನ್ನಿಗೆ ಸಮುದ್ರ ಹತ್ತೈತಿ. ಬಿಡು ಅಂದ್ರ ಬಿಡವಲ್ದು. ನಾ ಹೈಸ್ಕೂಲ್ ಮಾಸ್ತರ, ಸಮಾಜ ವಿಜ್ಞಾನ ಕಲಿಸ್ತೇನಿ. ಅದರಾಗ ಭೂಗೋಳ, ಭೂಗೋಳದಾಗ ಸಮುದ್ರ. ಸಮುದ್ರದ ಉಪ್ಪು, ತೆರಿ, ಉಬ್ಬರ, ಇಳಿತ, ಪ್ರವಾಹ ಅಂತ ಒಂದ ಪಾಠ ಬರತೈತೆಲ್ಲಾ, ಅದನ್ನ ನಾ ಕೈ ಬೀಸಿ, ಸೊಂಟಾ ಕುಣಿಸಿ, ಬಾಯಿಲೆ ಭರ್ರ್ ಅಂತ ತೆರಿ ಸಪ್ಪಳಾ ಮಾಡಿ ಹೇಳ್ತೇನಿ. ಪಕ್ಕದ ಕ್ಲಾಸಿನ ಹುಡುಗರು ಗಣಿತ ಬಿಟ್ಟು ಕಿಡಕ್ಯಾಗ ನಿಂದರ್ತಾವು. ಸವಣೂರು, ಶಿಗ್ಗಾಂವ, ಹಿರೇಕೆರೂರು, ಈಗ ಹಾನಗಲ್ಲು, ನಾಕೂ ತಾಲೂಕಿನಾಗ ನನ್ನ ಹೆಸರು ಹೇಳಿದ್ರ ಯಾರಿಗೂ ತಿಳಿಯಂಗಿಲ್ಲ. 'ಸಮುದ್ರದ ಸರ' ಅಂದ್ರ ಕಿರಾಣಿ ಅಂಗಡಿಯಂವಾನೂ ಎದ್ದು ಬಂದು ಮನಿ ತೋರಿಸ್ತಾನ.

ಒಂದ ಮಾತು ಮಾತ್ರ ಇಪ್ಪತ್ತೇಳು ವರ್ಷ ಯಾರಿಗೂ ಹೇಳಿದ್ದಿಲ್ಲ. ನಾ ಸಮುದ್ರಾನ ನೋಡಿದ್ದಿಲ್ಲ.

ನಗಬ್ಯಾಡ್ರಿ. ದೂರ ಐತಿ ಅಂತಲ್ಲ. ಹಾನಗಲ್ಲಿನಿಂದ ಶಿರಸಿ, ಶಿರಸಿಯಿಂದ ಘಟ್ಟಾ ಇಳದ್ರ ಕುಮಟಾ. ಮುಂಜಾನೆ ಉಪ್ಪಿಟ್ಟು ತಿಂದು ಹೊಂಟ್ರ ಮಧ್ಯಾಹ್ನದ ಊಟಕ್ಕ ಸಮುದ್ರದ ದಂಡಿ. ಆದ್ರ ಆ ಘಟ್ಟದ ತಿರುವಿಗೂ ನನ್ನ ಹೊಟ್ಟಿಗೂ ಹೋದ ಜನ್ಮದ ವೈರ. ಎರಡ ಸಲ ಹೊಂಟೇನಿ. ಎರಡೂ ಸಲ ಮೂರನೇ ತಿರುವಿನಾಗ ಬಸ್ ಇಳಿದು, ಕಲ್ಲಿನ ಮ್ಯಾಲ ಕುಂತು, ಹೊಟ್ಟ್ಯಾಗಿಂದೆಲ್ಲಾ ಹೊರಗ ಹಾಕಿ, ಎದುರಿಂದ ಬಂದ ಬಸ್ ಹತ್ತಿ ಮನಿಗೆ ಬಂದೇನಿ. ಈ ಗುಟ್ಟು ಗೊತ್ತಿದ್ದದ್ದು ನಮ್ಮನಿಯಾಕಿ ಒಬ್ಬಾಕಿಗೆ. ಆಕಿ ಕೇಳಿದ್ಲು, "ಮೂರನೇ ತಿರುವಿಗೆ ಹೋಗಿ ಬರಾಕ ಎರಡ ಜೋಡಿ ಅಂಗಿ ಯಾಕ ಒಯ್ತೀರಿ?"

ಸವಣೂರಿನ ವೀಳ್ಯದೆಲಿ

ನೌಕರಿ ಹತ್ತಿದ ಹೊಸದು. ಮದವಿ ಆಗಿ ಆರ ತಿಂಗಳು. ಸವಣೂರಿನಾಗ ಒಂಬತ್ತನೇ ಕ್ಲಾಸಿನವರಿಗೆ ತೆರಿ ಪಾಠಾ ಹೇಳಾಕತ್ತಿದ್ದೆ. "ತೆರಿ ಮುಂದ ಹೋಗತೈತಿ, ನೀರು ಹೋಗಂಗಿಲ್ಲ. ನೀರು ಇದ್ದಲ್ಲೇ ಮ್ಯಾಲ ಕೆಳಗ ಆಡತೈತಿ, ಅಷ್ಟ. ಜ್ವಾಳದ ಹೊಲದಾಗ ಗಾಳಿ ಬಿಟ್ರ ತೆರಿ ಓಡತೈತಿ, ದಂಟು ಓಡತೈತೇನು? ಹಂಗ."

ಹಿಂದಿನ ಸಾಲಿನಾಗಿಂದ ಎಲಿತ್ವಾಟದವರ ಹುಡುಗ ಎದ್ದ. "ಸರ, ನೀವು ಸಮುದ್ರಾ ನೋಡೀರೇನ್ರಿ?"

ಇಲ್ಲಪಾ ಅಂದಿದ್ರ ಅಲ್ಲಿಗೇ ಮುಗೀತಿತ್ತು. ಆದ್ರ ಹೊಸಾ ಮಾಸ್ತರ, ಹೊಸಾ ಪ್ಯಾಂಟು, ನಲವತ್ತು ಮಕ್ಕಳು ಬಾಯಿ ತಕ್ಕೊಂಡು ನೋಡಾಕತ್ತಾವು. "ನೋಡೇನಿ" ಅಂದೆ.

"ಒಳಗ ಇಳದೀರೇನ್ರಿ?"

"ಕುತ್ತಿಗಿ ಮಟಾ ಇಳದೇನಿ, ಕುಂಡ್ರಲೇ!"

ಅಷ್ಟಕ್ಕ ಬಿಡಬೇಕಿಲ್ಲ? ನಂಬಿಕಿ ಬರಲಿ ಅಂತ ಇಡೀ ಕ್ಲಾಸನ್ನ ಕೆರಿ ದಂಡಿಗೆ ಕರಕೊಂಡು ಹೋದೆ. ಒಂದ ವೀಳ್ಯದೆಲಿ ನೀರಿನ ಮ್ಯಾಲ ಮೆಲ್ಲಕ ಬಿಟ್ಟು, ದೂರ ಒಂದ ಹಳ್ಳು ಒಗದೆ. ತೆರಿ ಬಂತು, ಎಲಿ ಮ್ಯಾಲೆದ್ದು ಇಳೀತು, ಮುಂದ ಮಾತ್ರ ಹೋಗಲಿಲ್ಲ. "ಉಸರ ಬಿಡಬ್ಯಾಡ್ರಿ, ಸುಮ್ಮನ ನಿಂತು ಎಲೀನ ನೋಡ್ರಿ" ಅಂತ ಹೇಳಿದ್ದೆ. ನಲವತ್ತು ಮಕ್ಕಳು ಕೈ ಕಟ್ಟಿ, ತಲಿ ತಗ್ಗಿಸಿ ನಿಂತಿದ್ವು.

ಅದೇ ಹೊತ್ತಿಗೆ ಒಬ್ಬ ಅಜ್ಜ ಎತ್ತಿನ ಮೈ ತೊಳ್ಯಾಕ ಬಂದ. ನೀರಿನಾಗ ಎಲಿ, ದಂಡಿಮ್ಯಾಲ ಮಾತಿಲ್ಲದ ಮಂದಿ, ನಡುವ ಮಾಸ್ತರ. ಪಾಪ, ತಲಿಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಬಗಲಿಗೆ ಬಂದು ನಿಂತ. "ಮನಿಯವರೇನ್ರಿ ಸರ?" ಅಂದ ಸಣ್ಣ ದನಿಲೆ. ನನ್ನ ಲಕ್ಷ್ಯೆಲ್ಲಾ ಎಲಿ ಮ್ಯಾಲ. ಸುಮ್ಮನಿರಜ್ಜಾ ಅಂತ ಕೈ ಮಾಡಿದೆ. ಅಜ್ಜ ಕಣ್ಣ ಒರಸ್ಕೊಂಡು ಹೋದ.

ಸಂಜಿಕ್ಕ ಸಾಲಿಯ ಮಾಸ್ತರೆಲ್ಲಾ ಒಂದ ಹೂವಿನ ಮಾಲಿ ಹಿಡ್ಕೊಂಡು ಮನಿಗೆ ಬಂದ್ರು. ನಾ ಹಿತ್ತಲದಾಗ ಇದ್ದೆ. ಬಾಗಲಾ ತಗದಾಕಿ ನಮ್ಮನಿಯಾಕಿ. "ಬರ್ರಿ, ಕುಂಡ್ರಿ, ಚಾ ಮಾಡ್ತೇನಿ" ಅಂದ್ಲು. ಡ್ರಾಯಿಂಗ್ ಮಾಸ್ತರ ಮಾಲಿ ಅಲ್ಲೇ ಒಗದು ಓಡಿದಾಂವ ಮರುದಿನಾನೂ ಸಾಲಿಗೆ ಬರಲಿಲ್ಲ.

ಅಮಾಸಿ ಉಬ್ಬರ

ಅಲ್ಲಿಂದ ಶಿಗ್ಗಾಂವ ತಾಲೂಕಿನ ಒಂದ ಹಳ್ಳಿಗೆ ವರ್ಗಾ ಆತು. ಅಷ್ಟರಾಗ ನಮ್ಮನಿಯಾಕಿ ಓಣಿ ಹೆಣಮಕ್ಕಳ ಕೂಡ ಗೋಕರ್ಣಕ್ಕ ಹೋಗಿ, ಘಟ್ಟಾ ಇಳಿದು, ಘಟ್ಟಾ ಹತ್ತಿ, ನಡುವ ಬಸ್ಸಿನಾಗ ಚುರಮುರಿ ತಿನಕೋತ ಬಂದಿದ್ಲು. ನನಗಂತ ಒಂದ ಚಿಪ್ಪು ತಂದಿದ್ಲು. ಅದನ್ನ ಕ್ಲಾಸಿಗೆ ಒಯ್ದು, "ಸಮುದ್ರದ ತಳಾ ಮುಟ್ಟಿ ನಾನ ಆರಿಸ್ಕೊಂಡು ಬಂದೇನಿ" ಅಂದೆ. ಸವಣೂರಿನಾಗ ಕುತ್ತಿಗಿ ಮಟಾ ಇದ್ದ ಸುಳ್ಳು ಶಿಗ್ಗಾಂವಿನಾಗ ತಳಾ ಮುಟ್ಟಿತು.

ಅವತ್ತು ಉಬ್ಬರದ ಪಾಠ. "ಚಂದ್ರ ಸಮುದ್ರದ ನೀರನ್ನ ತನ್ನ ಕಡೆ ಜಗ್ಗತಾನ. ಅಮಾಸಿ ದಿನ ಸೂರ್ಯನೂ ಅದೇ ಕಡೆ ನಿಂತು ಕೈ ಹಚ್ಚತಾನ. ಅವತ್ತು ಉಬ್ಬರ ಭಾಳ ಜೋರು" ಅಂತ ಹೇಳಿದೆ. ಮಕ್ಕಳು ಮನಿಗೆ ಹೋಗಿ ಸುದ್ದಿ ಮುಟ್ಟಿಸಿದ್ವು.

ಅಮಾಸಿಗೆ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ. ಊರ ಗಂಡಸರೆಲ್ಲಾ ಖಾಲಿ. ಮಟಮಟ ಮಧ್ಯಾಹ್ನ ಸಾಲಿ ಸಮಿತಿ ಅಧ್ಯಕ್ಷರು ಇಪ್ಪತ್ತು ಮಂದಿ ಕರಕೊಂಡು ಊರ ಮುಂದಿನ ಹೊಂಡದ ದಂಡಿಗೆ ಕುಂತು ನನಗ ಹೇಳಿ ಕಳಿಸಿದ್ರು. ಹೋಗಿ ನೋಡಿದ್ರ ನೀರಿನಾಗ ಒಂದ ಕೋಲು ಹುಗದು ನೀರಿನ ಮಟ್ಟಕ್ಕ ಸುಣ್ಣದ ಗೀಟು ಎಳದಾರ.

"ಯಜಮಾನ್ರ, ಇದು ಸಣ್ಣ ಹೊಂಡ. ಉಬ್ಬರ ಕಾಣಬೇಕಂದ್ರ ಸಮುದ್ರದಷ್ಟು ನೀರು ಬೇಕು" ಅಂದೆ.

"ಚಂದ್ರಗ ದೊಡ್ಡವರು ಸಣ್ಣವರು ಅಂತ ಭೇದ ಐತೇನ್ರಿ ಸರ? ಸಮುದ್ರದ್ದು ಜಗ್ಗಿದಾಂವ ನಮ್ಮದ್ಯಾಕ ಬಿಡ್ತಾನ? ಕುಂಡ್ರಿ ಸುಮ್ಮನ."

ಕುಂತೆ. ಅರ್ಧಾ ತಾಸಿಗೆ ಒಬ್ಬಾಂವ ಚೀರಿದ. ನೀರು ಗೀಟು ದಾಟೈತಿ! ಒಂದ ಬಟ್ಟು, ಎರಡ ಬಟ್ಟು ಏರಾಕತ್ತೈತಿ! ಅಧ್ಯಕ್ಷರು ಎದ್ದು ಬಂದು ನನ್ನ ತಬಕೊಂಡ್ರು. "ನಮ್ಮ ಸರ ಅಂದ್ರ ಸರ!" ಅಂದ್ರು. ನಾ ಓದಿದ್ದೆಲ್ಲಾ ಸುಳ್ಳಾತಲ್ಲೋ ಶಿವನ ಅಂತ ಆ ಕಡೆ ದಂಡಿ ನೋಡಿದೆ. ಜಾಲಿಗಿಡದ ಮರಿಯಾಗ ಊರ ಎಮ್ಮಿ ಎಲ್ಲಾ ಒಂದರ ಹಿಂದ ಒಂದು ನೀರಿಗೆ ಇಳ್ಯಾಕತ್ತಿದ್ವು. ನಾ ಕಂಡೂ ಸುಮ್ಮನ ನಿಂತೆ. ಮಾನಾ ಬರೂ ಮುಂದ ಯಾರು ಬ್ಯಾಡಂತಾರ?

ಸ್ವಲ್ಪ ಹೊತ್ತಿಗೆ ಎಮ್ಮಿ ಕಾಯೂ ಅಜ್ಜಿ ಹೋಯ್ ಅಂದ್ಲು. ಎಮ್ಮಿ ಎದ್ದು ಹೊಂಟ್ವು. ನೀರು ಸರ್ರನ ಗೀಟಿನ ಕೆಳಗ ಇಳೀತು. "ನೋಡ್ರಿ, ಇಳಿತ!" ಅಂತ ಅಧ್ಯಕ್ಷರು ಖುಷೀಲೆ ತಿರುಗಿದ್ರು. ಹಿಂದ ಮೈಯೆಲ್ಲಾ ನೀರು ಸುರಿಸ್ಕೋತ ಮೂವತ್ತು ಎಮ್ಮಿ ನಿಂತಿದ್ವು. ಅಧ್ಯಕ್ಷರು ಎಮ್ಮೀನ ನೋಡಿದ್ರು, ನನ್ನ ನೋಡಿದ್ರು, ಧೋತರಾ ಝಾಡಿಸಿದ್ರು.

"ಸರ, ಚಂದ್ರಾಮ ಒಬ್ಬನ ಎಲ್ಲೆಲ್ಲೆ ಅಂತ ಓಡ್ಯಾಡ್ಯಾನು ಪಾಪ. ನಮ್ಮೂರಿನ ಮಟ್ಟಿಗೆ ಎಮ್ಮೀಗೆ ವಹಿಸಿರಬೇಕು ಬಿಡ್ರಿ."

ಬಲಗಡಿ ಕಂಬ

ಹಿರೇಕೆರೂರಿನಾಗ ನನಗ ಸಿಕ್ಕ ಹೆಡ್‌ಮಾಸ್ತರ ನಗೂದನ್ನ ಸರಕಾರದ ಪರವಾನಗಿ ಇಲ್ಲದ ಮಾಡ್ತಿದ್ದಿಲ್ಲ. ಅಲ್ಲಿ ನಾ ಸಾಗರ ಪ್ರವಾಹ ಕಲಿಸಿದೆ. "ಭೂಮಿ ತಿರಗತೈತೆಲ್ಲಾ, ಅದಕ್ಕ ನಮ್ಮ ಉತ್ತರ ಗೋಳದಾಗ ಹರಿಯೂದು, ಬೀಸೂದು ಎಲ್ಲಾ ಸ್ವಲ್ಪ ಬಲಕ್ಕ ವಾಲತಾವು. ಸಮುದ್ರದ ಪ್ರವಾಹ ಹಂಗ ಬಳಸಿ ಬಳಸಿ ಹೋಗತಾವು." ಮಕ್ಕಳು ಬರಕೊಂಡ್ವು. ನಾ ಕೆಂಪ ಶಾಯಿಲೆ ಸರಿ ಹಾಕಿ ಸಹಿ ಮಾಡಿದೆ.

ವಾರಕ್ಕ ಚಿಕ್ಕೇರೂರಿನ ಕಡಿಂದ ಮಕ್ಕಳನ್ನ ತುಂಬ್ಕೊಂಡು ಬರೂ ಟಂಟಂ ಗಾಡಿ ಸಾಲಿ ಗೇಟಿನ ಬಲಗಡಿ ಕಂಬಕ್ಕ ಹೋಗಿ ಢಂ ಅಂತು. ಮಕ್ಕಳಿಗೆ ಏನೂ ಆಗಲಿಲ್ಲ, ಕಂಬ ಮಾತ್ರ ಮಕಾಡೆ ಮಲಗಿತು. ಹೆಡ್‌ಮಾಸ್ತರ ಹೊರಗ ಬಂದ್ರು.

"ಕಣ್ಣ ಎಲ್ಲಿದ್ವೋ ಮಗನ?"

"ಕಣ್ಣ ಮುಂದ ಇದ್ವು ಸಾಹೇಬ್ರ. ಕೆಳಗ ಭೂಮಿ ತಿರುಗಿಬಿಡ್ತು" ಅಂದ ಡ್ರೈವರ. ಹಿಂದಿನ ಸೀಟಿನಾಗಿಂದ ಅವನ ಮಗಳು ನೋಟಬುಕ್ಕು ತಗದು ಸಾಕ್ಷಿ ನಿಂತ್ಲು.

ಹೆಡ್‌ಮಾಸ್ತರ ಚಸ್ಮಾ ಏರಿಸಿ ಓದಿದ್ರು. "ಇದು ನಿಮ್ಮ ಸಹಿ ಏನ್ರಿ?" ಅಂದ್ರು.

"ಸಹಿ ನಂದ ಸರ. ಆದ್ರ ಅದು ಸಾವಿರಾರು ಮೈಲು ಹರಿಯೂ ನೀರಿಗೆ ತಿಳಿಯೂವಂಥಾದ್ದು, ಟಂಟಮ್ಮಿಗಲ್ಲ."

ಡ್ರೈವರ ಕೈ ಮುಗಿದ. "ನಂದೂ ಹತ್ತ ವರ್ಷದಿಂದ ಇದ ರಸ್ತೆದಾಗ ಓಡಾಕತ್ತೈತ್ರಿ ಸರ. ಕೂಡಿಸಿದ್ರ ಸಾವಿರಾರು ಮೈಲ ಆಗತೈತಿ. ಇಷ್ಟ ದಿನಾ ನಾನ ತಡದ ಹಿಡಿದಿದ್ದೆ."

ಹೆಡ್‌ಮಾಸ್ತರ ತೀರ್ಪು ಕೊಟ್ರು. ಕೆಡವಿದಾಂವ, ಕಲಿಸಿದಾಂವ ಇಬ್ರೂ ಕೂಡಿ ಕಟ್ಟಬೇಕು. ಐತವಾರ ಡ್ರೈವರ ಸಿಮೆಂಟ ಕಲಸಿದ, ನಾ ಇಟ್ಟಂಗಿ ಇಟ್ಟೆ. ದಾರಕ್ಕ ಕಲ್ಲು ಕಟ್ಟಿ ಇಳಿಬಿಟ್ಟು, ಒಂದ ಕಣ್ಣು ಮುಚ್ಚಿ, ನೂರ ಸಲ ಅಳತಿ ನೋಡಿ ಏರಿಸಿದೆ. ಸೋಮವಾರ ಮುಂಜಾನೆ ಹೆಡ್‌ಮಾಸ್ತರ ಗೇಟಿನ ಮುಂದ ನಿಂತು ಭಾಳ ಹೊತ್ತು ನೋಡಿದ್ರು. ಆಮ್ಯಾಲ ಜೀವನದಾಗ ಮೊದಲನೇ ಸಲ ನಕ್ಕರು. ಕಂಬ ಬಲಕ್ಕ ವಾಲಿತ್ತು.

ಅರಬ್ಬೀ ಸಾರು

ಈಗ ಹಾನಗಲ್ಲ ತಾಲೂಕಿನ ಒಂದ ಸಾಲ್ಯಾಗ ಅದೇನಿ. ಇದು ಕಡೀ ಊರು, ಮುಂದಿನ ವರ್ಷ ನಿವೃತ್ತಿ. ಕುತ್ತಿಗಿ ಮಟಾ ಇಳದದ್ದು, ಚಿಪ್ಪು ಆರಿಸಿದ್ದು, ಎಲ್ಲಾ ಇಲ್ಲೂ ಹೇಳಿ ಮುಗಿಸೇನಿ. ಇಲ್ಲಿ ಇಬ್ರನ್ನ ನಿಮಗ ಹೇಳಬೇಕು. ಒಬ್ಬಾಕಿ ಮುಂದಿನ ಬೆಂಚಿನ ಹುಡುಗಿ. ನಾ ಹೇಳಿದ್ದೆಲ್ಲಾ ಬರಕೋತಾಳ, ಕೆಮ್ಮಿದ್ರ ಕೆಮ್ಮಿದ್ದನ್ನೂ ಬರಕೋತಾಳ. ಇನ್ನೊಬ್ಬಾಕಿ ಬಿಸಿಯೂಟದ ಅಡಿಗಿ ಅಕ್ಕ. ಇನ್ನೂರು ಮಕ್ಕಳಿಗೆ ಒಬ್ಬಾಕಿನ ನಿಂತು ಬೇಯಸ್ತಾಳ. ಕೈಯಾಗ ರುಚಿ ಐತಿ, ಬಾಯಾಗ ಖಾರ ಐತಿ.

ಸಮುದ್ರದ ಉಪ್ಪಿನ ಪಾಠ. ಗಾಜಿನ ಬರಣಿಯಾಗ ಒಂದ ಲೀಟರ ನೀರು ಹಾಕಿ, "ಸಮುದ್ರದಾಗ ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಇರತೈತಿ. ಉಪ್ಪು ಕೂಡಿದ್ರ ನೀರಿನ ಸಾಂದ್ರತೆ ಏರತೈತಿ. ಸಾಂದ್ರತೆ ಏರಿದ್ರ ತತ್ತಿ ತೇಲತೈತಿ, ನೋಡ್ರಿ" ಅಂತ ಉಪ್ಪು ತೂಗಿ ಹಾಕಿ ಹಸೀ ತತ್ತಿ ಬಿಟ್ಟೆ. ತತ್ತಿ ಬುಳಕ್ ಅಂತ ತಳಕ್ಕ ಹೋತು. ಹಿಂದ ಯಾರೋ ಕಿಸಕ್ ಅಂದ್ರು. ನನಗ ಸಿಟ್ಟು ಬಂತು. ಬೋರ್ಡಿನ ಕಡೆ ಮುಖಾ ಮಾಡಿದಂಗ ಮಾಡಿ ಒಂದ ಮುಟಗಿ ಉಪ್ಪು ಹಾಕಿದೆ, ಏಳಲಿಲ್ಲ. ಮತ್ತೊಂದ ಮುಟಗಿ. ಮತ್ತೊಂದು. ಕಡೀಕ ತತ್ತಿ ಮ್ಯಾಲ ಬಂತು.

"ನೋಡಿದ್ರೆ? ಸಮುದ್ರದಾಗ ತತ್ತಿ ತೇಲತೈತಿ. ನಾ ಸ್ವತಾ ಬಿಟ್ಟು ನೋಡೇನಿ." ಮುಂದಿನ ಬೆಂಚಿನ ಹುಡುಗಿ ಬರಕೊಂಡ್ಲು.

ಅವತ್ತು ಊಟಕ್ಕ ಬೇಯಿಸಿದ ತತ್ತಿ ಕೊಡೂ ದಿನ. ಈ ಹುಡುಗಿ ತನ್ನ ಪಾಲಿನ ತತ್ತಿ ತಗೊಂಡು ಸೀದಾ ಹೋಗಿ ಸಾರಿನ ಡಬರ್‍ಯಾಗ ಬಿಟ್ಲು. ತತ್ತಿ ಮುಳುಗಲಿಲ್ಲ. ಅರ್ಧಾ ಹೊರಗ, ಅರ್ಧಾ ಒಳಗ, ಆರಾಮ ಕುಂತೈತಿ! "ತೇಲತೈತಿ! ಅಕ್ಕನ ಸಾರು ಸಮುದ್ರ ಐತಿ!" ಅಂತ ಸಾಲಿಗೆ ಸಾಲಿನ ಕುಣೀತು. ನಾನೂ ಎದ್ದು ಹೋಗಿ ಬಗ್ಗಿ ನೋಡಿದೆ. ಮಕ್ಕಳು ಮ್ಯಾಲಿಂದ ನೋಡಾಕತ್ತಿದ್ವು, ನನಗ ಮಗ್ಗಲಿಂದ ಕಂಡಿತು. ತತ್ತಿ ಕೆಳಗ ಒಂದ ದಪ್ಪ ಆಲೂಗಡ್ಡಿ ಇತ್ತು. ತತ್ತಿ ತೇಲಿದ್ದಿಲ್ಲ, ಆಲೂಗಡ್ಡಿ ಮ್ಯಾಲ ಕುಂತಿತ್ತು.

ಹೇಳಬೇಕಿತ್ತು. ಮಜಾ ಬಂದಿತ್ತು, ಹೇಳಲಿಲ್ಲ.

ಅಂದಿನಿಂದ ಅದಕ್ಕ ಅರಬ್ಬೀ ಸಾರು ಅಂತ ಹೆಸರಾತು. ಸಂತ್ಯಾಗ ಕಾಯಿಪಲ್ಲೆ ಮಾರಾಕಿ ಸುದ್ದಾ, "ಅಕ್ಕಾ, ಇವತ್ತು ತೆರಿ ಹೆಂಗದಾವು?" ಅಂತ ಕೇಳಾಕತ್ತಿದ್ಲಂತ. ಮೂರನೇ ದಿನಕ್ಕ ಅಡಿಗಿ ಅಕ್ಕ ಸೌಟು ಹಿಡ್ಕೊಂಡು ಸ್ಟಾಫ್ ರೂಮಿಗೆ ಬಂದ್ಲು. ಕಣ್ಣಾಗ ನೀರಿತ್ತು.

"ಸರ, ನೀವು ಸಮುದ್ರಾ ಕಂಡಾವ್ರು. ಧರ್ಮದಲೆ ಹೇಳ್ರಿ. ನನ್ನ ಸಾರು ಅಷ್ಟ ಉಪ್ಪೈತೇನ್ರಿ?"

ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನನ್ನ ನಾಲಗಿ ಎಲ್ಲಿ ಸುಮ್ಮನಿರತೈತಿ? "ಸಮುದ್ರಕ್ಕ ಒಂದ ಚಮಚಾ ಕಡಿಮಿ ಐತಿ ನೋಡವಾ" ಅಂದೆ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಆಕಿ ನಗಲಿಲ್ಲ.

"ಆತ್ರಿ ಸರ. ಒಂದ ದಿನಾ ನಾನೂ ಹೋಗಿ, ನೆಕ್ಕಿ ನೋಡೇ ಬರ್ತೇನಿ."

ಮೂರನೇ ತಿರುವು

ಆ ದಿನ ಇಷ್ಟ ಲಗೂ ಬಂದೀತು ಅಂತ ನಾ ಎಣಿಸಿದ್ದಿಲ್ಲ. ಡಿಸೆಂಬರಿನಾಗ ನಮ್ಮ ಸಾಲಿ ಮುಖ್ಯಸ್ಥೆ ಹೆಡ್‌ಬಾಯಾರು ಪ್ರಾರ್ಥನೆ ಮುಗದ ಕೂಡಲೆ ಹೇಳಿಬಿಟ್ರು. "ಈ ಸಲ ಪ್ರವಾಸ ಕುಮಟಾದ ಸಮುದ್ರಕ್ಕ. ಸಮುದ್ರದ ಸರ ಮುಂದಿನ ವರ್ಷ ಇರಂಗಿಲ್ಲ. ಅವರ ಬಾಯಿಲೆ ಸಮುದ್ರದ ಮುಂದ ನಿಂತು ಪಾಠಾ ಕೇಳೂಣು." ಮಕ್ಕಳು ಹೋ ಅಂದ್ವು. ನಾ ಬಾಯಾರ ಹಿಂದ ಓಡಿದೆ.

"ಬಾಯಾರ, ಗೊಟಗೋಡಿಗೆ ಹೋಗೂಣಲ್ಲ? ಸನೇದಾಗ ಐತಿ, ಮೂರ್ತಿ ಅದಾವು, ಉದ್ಯಾನ ಐತಿ" ಅಂದೆ.

"ಮೂರ ಸಲ ಆಗೈತ್ರಿ ಸರ. ಅಲ್ಲಿ ಮೂರ್ತಿಗಳಿಗೂ ನಮ್ಮ ಮಕ್ಕಳ ಹೆಸರು ಬಾಯಿಪಾಠ ಆಗ್ಯಾವು."

ಅಡಿಗಿ ಅಕ್ಕನೂ ಬರಾಕಿ, ಮಕ್ಕಳ ಊಟಕ್ಕ. ಮನಿಗೆ ಬಂದು ತಲಿ ಮ್ಯಾಲ ಕೈ ಹೊತ್ತು ಕುಂತೆ. ನಾಕ ತಾಲೂಕಿನಾಗ ಗಳಿಸಿದ ಮಾನ, ಒಂದ ತಿರುವಿನಾಗ ಕಕ್ಕಿ ಕಳಕೊಳ್ಳೂ ಹೊತ್ತು ಬಂತಲ್ಲ! ನಮ್ಮನಿಯಾಕಿ ಅಂದ್ಲು, "ಖರೇ ಹೇಳಿಬಿಡ್ರಲ್ಲ."

"ಇಪ್ಪತ್ತೇಳ ವರ್ಷ ಹೇಳಿದ್ದು ಸುಳ್ಳು ಅಂತ ಹೆಂಗ ಹೇಳಲೇ?"

"ಹಂಗಾರ ಲಿಂಬಿಹಣ್ಣು ಒಯ್ರಿ."

ಬಸ್ಸಿನಾಗ ಡ್ರೈವರನ ಬಗಲಿಗೆ ಕುಂತೆ. ಕಿಸೆದಾಗ ಲಿಂಬಿಹಣ್ಣು, ಬಾಯಾಗ ಹಸಿಶುಂಠಿ. ಶಿರಸಿ ತನಕಾ ಹುಲಿ ಹಂಗ ಇದ್ದೆ, ಉಷ್ಣ ಪ್ರವಾಹ, ಶೀತ ಪ್ರವಾಹ ಅಂತ ಹೇಳಿದ್ದೇ ಹೇಳಿದ್ದು. ಘಟ್ಟ ಚಾಲೂ ಆತು. ಮೊದಲನೇ ತಿರುವಿಗೆ ಮಾತು ನಿಂತಿತು. ಎರಡನೇದಕ್ಕ ಕಣ್ಣು ಮುಚ್ಚಿದೆ. ಮೂರನೇದು ಬಂತು ನೋಡ್ರಿ, "ನಿಲ್ಸಪಾ!" ಅಂತ ಚೀರಿ ಇಳದೆ. ಅದೇ ಕಲ್ಲು! ಹಳೇ ಗೆಳ್ಯಾನ ಹಂಗ ಕಾಯಕೋತ ಕುಂತಿತ್ತು.

ಎದುರಿಂದ ಹಾನಗಲ್ಲ ಬಸ್ಸೂ ಬಂತು. ಹತ್ತಿಬಿಡ್ಲಿ ಅನ್ನಿಸ್ತು. ಹಿಂದ ತಿರುಗಿ ನೋಡಿದ್ರ ಐವತ್ತು ಮಾರಿ ಕಿಡಕ್ಯಾಗ. ಅಡಿಗಿ ಅಕ್ಕ ಇಳಿದು ಬಂದು ನನ್ನ ಬೆನ್ನು ತಿಕ್ಕಾಕತ್ತಿದ್ಲು. ಒಂದ ಮಾತು ಚುಚ್ಚಲಿಲ್ಲ. "ಹಾಕ್ರಿ ಸರ, ಹಾಕಿಬಿಡ್ರಿ, ಹಗರ ಆಗತೈತಿ" ಅಂತ ನೀರು ಕೊಟ್ಲು. 'ಒಂದ ಚಮಚಾ ಕಡಿಮಿ' ಅಂದಿದ್ದು ಆಗ ನೆನಪಾತು. ನಾಚಿಕಿ ಆತು. ತಿರುಗಿ ಬಸ್ ಹತ್ತಿದೆ.

ಮುಂದಿನ ಬೆಂಚಿನ ಹುಡುಗಿ ನೋಟಬುಕ್ಕು ತಗದಿದ್ಲು. "ಸರ, ಈಗ ಆಗಿದ್ದು ಉಬ್ಬರೇನ್ರಿ, ಇಳಿತೇನ್ರಿ?"

ದಂಡಿ

ಬಸ್ ನಿಂತಿತು. ಮಕ್ಕಳು ಓಡಿದ್ವು. ನಾ ಕಡೀಕ ಇಳಿದು, ಉಸುಕಿನಾಗ ಕಾಲು ಎಳಕೋತ ತಲಿ ಎತ್ತಿದೆ.

ಹೆಂಗ ಹೇಳಲಿ? ಬೋರ್ಡಿನ ಮ್ಯಾಲ ನೀಲಿ ಚಾಕಿಲೆ ನಾ ಎಷ್ಟ ಸಲ ತೆಗದಿದ್ದೆ ಅದನ್ನ. ಎರಡ ಗೀಟು ಹೊಡದು ಅರಬ್ಬೀ ಸಮುದ್ರ ಅಂತ ಬರೀತಿದ್ದೆ. ಇದಕ್ಕ ಆಚಿ ಕಡೆ ದಂಡೀನ ಇಲ್ಲಲ್ಲೋ! ಆ ತೆರಿ ಸಪ್ಪಳಾ ಸುದ್ದಾ ನಾ ಮಾಡ್ತಿದ್ದ ಭರ್ರ್ ಅಲ್ಲ. ಕಣ್ಣು ತುಂಬಿ ಬಂದ್ವು. ಕಾಲಿಗೆ ನೀರು ಬಂತು, ಹೋತು, ಹಿಮ್ಮಡದ ಕೆಳಗಿನ ಉಸುಕು ಜಾರಿ ಹೋತು. ಎಲ್ಲಿ ಅದೇನಿ, ಯಾರು ಬಾಜೂಕ ಅದಾರ, ಎಲ್ಲಾ ಮರತೆ. ಬಗ್ಗಿ ಒಂದ ಬಟ್ಟು ಅದ್ದಿ ನಾಲಗಿಗೆ ಹಚ್ಚಿದೆ.

"ಏ! ಖರೇನ ಉಪ್ಪೈತಲ್ರಲೇ!"

ಸಣ್ಣಗ ಅಂದಿದ್ರ ಆಗ್ತಿತ್ತು. ನನ್ನ ದನಿ ಪಕ್ಕದ ಕ್ಲಾಸಿಗೂ ಕೇಳೂವಂಥಾ ದನಿ. ಐವತ್ತು ಮಕ್ಕಳು ಇದ್ದಲ್ಲೇ ನಿಂತ್ವು. ಹೆಡ್‌ಬಾಯಾರು ಕೊಡೆ ಬಿಚ್ಚೂದು ನಿಲ್ಸಿದ್ರು. ಅಡಿಗಿ ಅಕ್ಕ ಸೀರಿ ನಿರಿಗಿ ಎತ್ತಿ ಹಿಡಕೊಂಡು ನನ್ನ ಮುಂದ ಬಂದು ನಿಂತ್ಲು.

"ಸರ, ನೀವೂ ಇವತ್ತ ಏನ್ರಿ ನೋಡಾಕತ್ತಿದ್ದು?"

ನೆಕ್ಕಿದ ಬಟ್ಟು ಅಂಗಿಗೆ ಒರಸ್ಕೊಂಡೆ.

"ಅಂದ್ರ ಇಷ್ಟ ದಿನಾ ನನ್ನ ಸಾರನ್ನ ನೀವು ಕಾಣದ ಸಮುದ್ರಕ್ಕ ಹೋಲಿಸಿದ್ರೇನ್ರಿ?"

ಹೇಳಿ, ಕೈಚೀಲದಾಗಿಂದ ಒಂದ ಡಬ್ಬಿ ತಗದ್ಲು. ಡಬ್ಬಿ ತುಂಬ ಅಕ್ಕಿ, ಅಕ್ಕಿಯಾಗ ಹುಗದ ಒಂದ ಹಸೀ ತತ್ತಿ. ಹಾನಗಲ್ಲಿನಿಂದ ಅಷ್ಟೂ ತಿರುವಿನಾಗ ಒಡೀಲಾರದಂಗ ತಂದಿದ್ಲು. ಕೊಡಪಾನದಾಗ ಸಮುದ್ರದ ನೀರು ತುಂಬಿ, ಎಲ್ಲಾರಿಗೂ ಕಾಣೂವಂಗ ಇಟ್ಟು, ತತ್ತಿ ಬಿಟ್ಲು. ತತ್ತಿ ಬುಳಕ್ ಅಂತ ತಳಕ್ಕ ಹೋಗಿ ಕುಂತಿತು.

"ನೋಡ್ರಿ ಮಕ್ಕಳ್ರ್ಯಾ! ಮುಳಗಿತು! ಸರ ಹೇಳಿದ್ದೆಲ್ಲಾ ಸುಳ್ಳು!" ಅಂತ ಅಕ್ಕ ಗೆದ್ದಂಗ ಸೊಂಟದ ಮ್ಯಾಲ ಕೈ ಇಟ್ಲು.

ಮುಂದಿನ ಬೆಂಚಿನ ಹುಡುಗಿ ನೋಟಬುಕ್ಕಿನ ಹಾಳಿ ತಿರುವಿದ್ಲು. "ಅಕ್ಕಾ, ಸಮುದ್ರದಾಗ ತತ್ತಿ ಮುಳಗಿತು. ನಿಮ್ಮ ಸಾರಿನಾಗ ತೇಲಿತ್ತು. ಅಂದ್ರ ನಿಮ್ಮ ಸಾರು ಸಮುದ್ರಕ್ಕಿಂತಾ ಉಪ್ಪಾತಲ್ಲ?"

ಅಕ್ಕನ ಕೈ ಸೊಂಟದಿಂದ ಜಾರಿತು. ಮಕ್ಕಳು ಬಿದ್ದು ಬಿದ್ದು ನಗಾಕತ್ವು. ಆಕಿ ಮಾರಿ ನೋಡಿದೆ. ಮುಂಜಾನೆ ನನ್ನ ಬೆನ್ನು ತಿಕ್ಕಿದಾಕಿ. ಇನ್ನ ಸುಮ್ಮನಿದ್ರ ನಾ ಮನಷ್ಯಾನ ಅಲ್ಲ ಅನ್ನಿಸ್ತು.

"ಎಲ್ಲಾರೂ ಬಾಯಿ ಮುಚ್ಚರಿ!" ಅಂದೆ. "ಅವತ್ತು ಸಾರಿನಾಗ ತತ್ತಿ ತೇಲಿದ್ದಿಲ್ಲ. ಕೆಳಗ ಆಲೂಗಡ್ಡಿ ಇತ್ತು, ನಾ ಕಣ್ಣಾರೆ ಕಂಡಿದ್ದೆ, ಹೇಳಲಿಲ್ಲ. ಬರಣಿಯಾಗ ನಾಕ ಪಟ್ಟು ಉಪ್ಪು ಹಾಕಿದಾಂವ ನಾನ. ಕುತ್ತಿಗಿ ಮಟಾ ಇಳದಿದ್ದು ಸುಳ್ಳು, ತತ್ತಿ ಬಿಟ್ಟು ನೋಡಿದ್ದು ಸುಳ್ಳು, ಚಿಪ್ಪು ನಮ್ಮನಿಯಾಕಿ ತಂದಿದ್ದು. ಸಮುದ್ರಾ ಇವತ್ತ ನೋಡಾಕತ್ತೇನಿ, ನಿಮ್ಮ ಜೋಡೀನ. ಅಕ್ಕನ ಸಾರಿನಾಗ ಉಪ್ಪು ಹದಾ ಐತಿ. ತಪ್ಪಾತವಾ."

ಆ ಹುಡುಗಿ ಬರಿಯೂದು ನಿಲ್ಸಿ ತಲಿ ಎತ್ತಿದ್ಲು. ಮಾರಿ ಸಣ್ಣದಾಗಿತ್ತು.

"ಸರ, ಹಂಗಾರ ದಾರ್‍ಯಾಗ ವಾಂತಿ ಮಾಡ್ಕೊಂಡಿದ್ದು?"

"ಅದು ಖರೇ."

"ಅದೊಂದನ್ನ ಉಳಿಸಿ ಮಿಕ್ಕಿದ್ದೆಲ್ಲಾ ಕಾಟು ಹಾಕ್ಲೇನ್ರಿ?"

ಹೆಡ್‌ಬಾಯಾರು ಮೊದಲು ನಕ್ಕರು. ಆಮ್ಯಾಲ ಮಕ್ಕಳು, ಆಮ್ಯಾಲ ನಾನೂ. ಅಡಿಗಿ ಅಕ್ಕ ಮಾತ್ರ ನಗಲಾರದ ಗಾಳಿಗಿಡದ ನೆರಳಿಗೆ ಹೋಗಿ ಊಟಾ ಬಡಸಾಕ ಹತ್ತಿದ್ಲು. ಮಕ್ಕಳಿಗೆಲ್ಲಾ ದೊಡ್ಡ ಡಬರ್‍ಯಾಗಿಂದ ಹಾಕಿದ್ಲು. ನನ್ನ ಸರದಿ ಬಂದಾಗ ಬ್ಯಾರೆ ಒಂದ ಸಣ್ಣ ಡಬ್ಬಿ ತಗದು ಮುಚ್ಚಳಾ ಬಿಚ್ಚಿದ್ಲು.

"ಇದು ಮುಂಜಾನೆ ನಿಮಗಂತ ಬ್ಯಾರೆನ ಮಾಡಿ ತಂದೇನ್ರಿ ಸರ."

ನನಗ ಮತ್ತ ಕಣ್ಣು ತುಂಬಿದ್ವು. ಇಷ್ಟ ಮಾಡಿದ ನನಗ ಈ ತಾಯಿ ಬ್ಯಾರೆ ಸಾರು ಮಾಡಿ ತಂದಾಳಲ್ಲಾ! ಹೊಟ್ಟಿ ಖಾಲಿ ಇತ್ತು. ದೊಡ್ಡದೊಂದು ತುತ್ತು ಕಲಿಸಿ ಬಾಯಾಗ ಇಟ್ಟೆ. ಅಗದೆ. ಮತ್ತ ಅಗದೆ. ಬ್ಯಾಳಿ ಐತಿ, ಖಾರ ಐತಿ, ಒಗ್ಗರಣಿ ಐತಿ.

"ಅಕ್ಕಾ... ಉಪ್ಪ ಇಲ್ಲಲ್ಲವಾ?"

ಅಕ್ಕ ಸೌಟು ಎತ್ತಿ ಸಮುದ್ರದ ಕಡೆ ತೋರಿಸಿದ್ಲು.

"ಅಲ್ಲೈತ್ರಿ ಸರ. ನಿಮ್ಮ ಲೆಕ್ಕಕ್ಕ ಒಂದ ಚಮಚಾ ಕಡಿಮಿ ಮಾಡಿ ಹಾಕ್ಕೋರಿ."